ಪಳಗಿದ ಕೈ, ಬದಲಾಗುವ ಪರದೆ

(ಬಾನುಲಿ ಭಾಷಣ)

ಕಚೇರಿಯ ಕಂಪ್ಯೂಟರಿನಲ್ಲಿ ನಿನ್ನೆ ಸಂಜೆಯವರೆಗೆ ಇದ್ದ ಪರದೆ ಇವತ್ತು ಬೆಳಿಗ್ಗೆ ಇಲ್ಲದಿದ್ದರೆ ಏನಾಗುತ್ತದೆ? ಇವತ್ತಿನ ಮಾತು ಅದರ ಬಗ್ಗೆ. ಇದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳವರು ತಮ್ಮೊಳಗೆ ಚರ್ಚೆ ಮಾಡಿಕೊಳ್ಳುವ ಸಂಗತಿ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನಂಥ ಹೋಬಳಿ ಊರಿನಲ್ಲಿ ಒಂದು ಆದಾಯ ಪ್ರಮಾಣಪತ್ರ, ಒಂದು ಪಹಣಿ, ಒಂದು ಕರಾರು ಪತ್ರ ಹೊತ್ತಿಗೆ ಸರಿಯಾಗಿ ಕೈಗೆ ಸಿಗುತ್ತದೋ ಇಲ್ಲವೋ ಎನ್ನುವುದು ಇದರ ಮೇಲೆ ನಿಂತಿದೆ.

ಕಂಪ್ಯೂಟರ್ ಮುಂದೆ ಕೂತು ದುಡಿಯುವವರ ಕೈ ಪಳಗುವುದಕ್ಕೆ ವರ್ಷಗಳು ಹಿಡಿಯುತ್ತವೆ. ಪಳಗಿದ ಮೇಲೆ ಅವರು ಪರದೆಯನ್ನು ಓದುವುದಿಲ್ಲ. ಕಣ್ಣು ಮುಂದಿಟ್ಟ ಕಾಗದದ ಮೇಲಿರುತ್ತದೆ, ಕಿವಿ ಎದುರಿಗೆ ನಿಂತವರ ಮಾತಿನ ಮೇಲಿರುತ್ತದೆ, ಬೆರಳು ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ನಮ್ಮ ಕಡೆ ತೆಂಗಿನಕಾಯಿ ಸುಲಿಯುವವರನ್ನು ನೀವು ನೋಡಿರುತ್ತೀರಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಕಡೆ ಅವರು ನೋಡುವುದೇ ಇಲ್ಲ. ಆ ಮೊನೆಯನ್ನು ಹೇಳದೆ ಕೇಳದೆ ಒಂದು ಗೇಣು ಮೇಲಕ್ಕೆತ್ತಿ ನೆಟ್ಟರೆ ಕೈ ಕೊಯ್ಯುತ್ತದೆ. ಆ ಪಳಗಿದ ಕೈ ದುಡಿಯುವವರ ಆಸ್ತಿ. ಸರ್ಕಾರಿ ಕಚೇರಿಯ ಮಟ್ಟಿಗೆ ಹೇಳುವುದಾದರೆ ಸಾರ್ವಜನಿಕರ ಆಸ್ತಿಯೂ ಹೌದು. ಪರದೆಯನ್ನು ಹೊಸದಾಗಿ ಕಟ್ಟುವವರು ಆ ಆಸ್ತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ಅಹವಾಲು.

ಚೇಳೂರು ಎಂದರೆ ಹೊರಗಿನವರಿಗೆ ನೆನಪಾಗುವುದು ಹಲಸು. ಕೆಂಪು ತೊಳೆಯ ‘ಸಿದ್ದು ಹಲಸು’ ಇದೇ ಊರಿನ ತೋಟದ್ದು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಆ ಮರದ ಗುಣ ಗುರುತಿಸಿದ ಮೇಲೆ ಅದರ ಕಸಿ ಗಿಡಗಳು ದೂರದೂರಕ್ಕೆ ಹೋಗಿವೆ. ಹಲಸಿನ ಕಾಲದಲ್ಲಿ ಚೇಳೂರಿನ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳಿಂದ ಗಾಡಿಗಟ್ಟಲೆ ಹಣ್ಣು ಬರುತ್ತದೆ. ಹಣ್ಣಿನ ಜೊತೆ ಬಂದ ರೈತ ಹಾಗೇ ವಾಪಸು ಹೋಗುವುದಿಲ್ಲ. ಪಹಣಿ ತೆಗೆಸಬೇಕು, ಮಗಳನ್ನು ಕಾಲೇಜಿಗೆ ಸೇರಿಸಲು ಜಾತಿ ಆದಾಯ ಮಾಡಿಸಬೇಕು, ಸೊಸೈಟಿಯಲ್ಲಿ ಸಾಲದ ಕಾಗದ ಕೊಡಬೇಕು. ಶಾಲೆ ಕಾಲೇಜು ಸೇರಿಸುವ ಕಾಲವೂ ಹಲಸಿನ ಕಾಲವೂ ಒಟ್ಟೊಟ್ಟಿಗೆ ಬರುತ್ತವೆ. ಮೇ ಜೂನ್ ತಿಂಗಳಲ್ಲಿ ಯಾವ ಹೋಬಳಿಯ ನಾಡಕಚೇರಿಯ ಮುಂದೆ ಹೋದರೂ ಸಾಲು ಇದ್ದೇ ಇರುತ್ತದೆ. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿರುವ ಮಕ್ಕಳನ್ನು ಆ ಸಾಲಿನಲ್ಲಿ ನೋಡಬಹುದು. ವಿದ್ಯಾರ್ಥಿವೇತನದ ಅರ್ಜಿಗೆ, ಹಾಸ್ಟೆಲ್ ಅರ್ಜಿಗೆ ಆ ಸಂಖ್ಯೆಯೇ ಆಧಾರ.

ಕಚೇರಿಗಳ ಸುತ್ತ ಟೈಪಿಂಗ್ ಅಂಗಡಿಗಳಿವೆ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಡಿಟಿಪಿ ಎಂದು ಬೋರ್ಡು ಬರೆಸಿರುವ ಅಂಗಡಿಗಳು. ಹತ್ತಡಿ ಅಗಲದ ಜಾಗ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಆನಿಸಿದ ಬೆಂಚು. ಊರಿನ ಅರ್ಧ ವ್ಯವಹಾರ ಈ ಬೆಂಚಿನ ಮೇಲಿಂದ ಎದ್ದುಹೋಗುತ್ತದೆ. ಅಣ್ಣತಮ್ಮಂದಿರ ವಿಭಾಗ ಪತ್ರ, ಜಮೀನಿನ ಕ್ರಯದ ಕರಾರು, ವಂಶವೃಕ್ಷಕ್ಕೆ ಅಫಿಡವಿಟ್ಟು, ಪಂಚಾಯಿತಿಗೆ ಬೋರ್‌ವೆಲ್ ಕೇಳುವ ಅರ್ಜಿ.

ಅಲ್ಲಿನ ಕೆಲಸವನ್ನು ಹತ್ತಿರದಿಂದ ನೋಡೋಣ. ಇ-ಸ್ಟಾಂಪ್ ಬಂದ ಮೇಲೆ ಛಾಪಾ ಕಾಗದದ ಮೇಲರ್ಧದಲ್ಲಿ ಇಬ್ಬರ ಹೆಸರು, ಮೊತ್ತ, ಸಂಖ್ಯೆ ಎಲ್ಲವೂ ಮೊದಲೇ ಅಚ್ಚಾಗಿರುತ್ತಿತ್ತು. ಅದರ ಕೆಳಗೊಂದು ಗೆರೆ. ಆ ಗೆರೆಯ ಕೆಳಗಿನಿಂದ ಕರಾರಿನ ಒಕ್ಕಣೆ ಶುರುವಾಗಬೇಕಿತ್ತು. ಒಂದು ಸಾಲು ಮೇಲಕ್ಕೆ ಹೋದರೂ ಅಚ್ಚಿನ ಮೇಲೆ ಅಚ್ಚು ಬಿದ್ದು ಕಾಗದ ಹಾಳು, ಕಟ್ಟಿದ ಹಣವೂ ಹಾಳು. ಎರಡನೆಯ ಪುಟದಿಂದ ಲೀಗಲ್ ಅಳತೆಯ ಹಸಿರು ಕಾಗದ. ಅಲ್ಲಿ ಅಂಚು ಬೇರೆ, ಬದಿಯಲ್ಲಿ ಹೊಲಿಗೆಗೆ ಜಾಗ ಬೇರೆ. ಕೊನೆಯಲ್ಲಿ ಷೆಡ್ಯೂಲು, ಅದರಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ ಎಂದು ಚಕ್ಕುಬಂದಿ. ಅದನ್ನು ನೆಟ್ಟಗೆ ಒಂದರ ಕೆಳಗೊಂದು ಬರುವಂತೆ ಕೂರಿಸಬೇಕಿತ್ತು. ಪಳಗಿದವರಿಗೆ ಇದಿಷ್ಟೂ ಬೆರಳ ತುದಿಯ ಕೆಲಸ. ವರ್ಡ್ 2003ರಲ್ಲಿ ಆಲ್ಟ್ ಒತ್ತಿ ಎಫ್, ಆಮೇಲೆ ಯು ಎಂದರೆ ಪುಟದ ಅಳತೆಯ ಚೌಕ ಎದುರಿಗೆ ಬಂತು. ಆಲ್ಟ್, ಒ, ಪಿ ಎಂದರೆ ಪ್ಯಾರಾದ ಅಳತೆ. ಮೌಸ್ ಮುಟ್ಟುವ ಪ್ರಮೇಯವೇ ಇಲ್ಲ. ಬೆಂಚಿನ ಮೇಲೆ ಕೂತವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಾಗದ ಕೈಯಲ್ಲಿ.

2007ರ ಜನವರಿ 30ರಂದು ಮೈಕ್ರೋಸಾಫ್ಟ್ ತನ್ನ ಆಫೀಸ್ 2007 ಅನ್ನು ಪೇಟೆಗೆ ಬಿಟ್ಟಿತು. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಳಲ್ಲಿ ಅಲ್ಲಿಯವರೆಗೂ ಮೇಲೆ ಸಾಲಾಗಿದ್ದ ಫೈಲ್, ಎಡಿಟ್, ವ್ಯೂ, ಇನ್ಸರ್ಟ್ ಎಂಬ ಮೆನುಗಳು ಹೋದವು. ಅವುಗಳ ಜಾಗದಲ್ಲಿ ಅಗಲವಾದ ಪಟ್ಟಿ ಬಂತು, ಅದಕ್ಕೆ ರಿಬ್ಬನ್ ಎಂದು ಹೆಸರು. ಜಗತ್ತಿನ ಎಲ್ಲ ದೇಶಗಳ ಗುಮಾಸ್ತರು, ಲೆಕ್ಕಿಗರು, ಟೈಪಿಸ್ಟರು ಒಂದೇ ಸಲಕ್ಕೆ ಕಂಗಾಲಾದ ಸಂದರ್ಭ ಅದು. ತಯಾರಕರ ವಾದಕ್ಕೂ ಹುರುಳಿತ್ತು, ಅದನ್ನು ಹೇಳದೆ ಹೋದರೆ ನ್ಯಾಯವಾಗುವುದಿಲ್ಲ. ವರ್ಡಿನ ಮೊದಲ ಆವೃತ್ತಿಯಲ್ಲಿ ಇದ್ದ ಆಜ್ಞೆಗಳು ನೂರರ ಆಸುಪಾಸು. 2003ರ ಹೊತ್ತಿಗೆ ಅವು ಸಾವಿರದೈನೂರನ್ನು ದಾಟಿದ್ದವು. ಹಳೆಯ ಮೆನುವಿನ ಸಂದಿಗೊಂದಿಗಳಲ್ಲಿ ಅಡಗಿಕೊಂಡಿದ್ದ ಸೌಲಭ್ಯಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೊದಲೇ ಇದ್ದ ಸೌಲಭ್ಯವನ್ನೇ ಹೊಸದಾಗಿ ಕೊಡಿ ಎಂದು ಜನ ಕೇಳುತ್ತಿದ್ದರು. ಹಾಗಾಗಿ ಎಲ್ಲವನ್ನೂ ಹೊರಗೆ ತಂದು ಗುಂಪು ಮಾಡಿ ಜೋಡಿಸಿದರು. ಹೊಸದಾಗಿ ಕಲಿಯುವವರಿಗೆ ಅದರಿಂದ ಅನುಕೂಲವಾಯಿತು. ಇವತ್ತು ಇಪ್ಪತ್ತೈದು ವರ್ಷದ ಹುಡುಗನನ್ನು ಕೇಳಿದರೆ ರಿಬ್ಬನ್ನೇ ಚೆನ್ನ ಎನ್ನುತ್ತಾನೆ, ಅವನು ಹೇಳುವುದೂ ಸರಿ.

ಆದರೆ ಹಳಬರ ಕೈಗೆ ಏನಾಯಿತು? ಪರದೆಯ ಎಡಗಡೆ ಮೂಲೆಯಲ್ಲಿ ಬಣ್ಣದ ಲಾಂಛನವಿದ್ದ ಒಂದು ದುಂಡನೆಯ ಗುಂಡಿ ಇತ್ತು. ಅದನ್ನು ಎಲ್ಲರೂ ಕಂಪನಿಯ ಗುರುತು ಎಂದುಕೊಂಡರು. ಅದನ್ನು ಒತ್ತಬೇಕು, ಒತ್ತಿದರೆ ಪ್ರಿಂಟು, ಸೇವು ಎಲ್ಲವೂ ಅದರೊಳಗೆ ಇವೆ ಎಂದು ಯಾರಿಗೂ ಹೊಳೆಯಲಿಲ್ಲ. ಟೈಪು ಮಾಡಿ ಮುಗಿದಿದೆ, ಬೆಂಚಿನ ಮೇಲೆ ಗಿರಾಕಿ ಕಾಯುತ್ತಿದ್ದಾರೆ, ಪ್ರಿಂಟ್ ಎಲ್ಲಿದೆ ಎಂದು ಗೊತ್ತಿಲ್ಲ. ಕಂಪನಿಗೂ ಇದು ಅರ್ಥವಾಯಿತು. ಆಫೀಸ್ 2010ರಲ್ಲಿ ದುಂಡು ಗುಂಡಿಯನ್ನು ತೆಗೆದು ‘ಫೈಲ್’ ಎಂಬ ಹಳೆಯ ಹೆಸರನ್ನೇ ಅದೇ ಮೂಲೆಗೆ ಮತ್ತೆ ತಂದಿಟ್ಟರು.

ಕನ್ನಡ ಟೈಪಿಸ್ಟರ ಕಷ್ಟ ಇನ್ನೂ ಒಂದು ಕೈ ಮೇಲು. ಆ ಕಾಲದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಲಿಪಿಯಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂತಿದ್ದವು. ವರ್ಡಿಗೆ ಅದು ಗೊತ್ತಾಗುವುದಿಲ್ಲ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡುವ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುವ ಅದರ ತಿದ್ದುಪಡಿ ಬುದ್ಧಿ ಕನ್ನಡದ ಮೇಲೂ ಓಡುತ್ತಿತ್ತು. ನೋಡನೋಡುತ್ತಾ ಹೊಡೆದ ಅಕ್ಷರ ಇನ್ನೊಂದಾಗುತ್ತಿತ್ತು. ಕರಾರು ಪತ್ರದಲ್ಲಿ ಹೆಸರಿನ ಒಂದು ಅಕ್ಷರ ಬದಲಾದರೆ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸಬಹುದು. ಅದಕ್ಕೇ ಹೊಸ ಕಂಪ್ಯೂಟರ್ ಮುಂದೆ ಕೂತ ಕನ್ನಡ ಟೈಪಿಸ್ಟರು ಮೊದಲು ಮಾಡುತ್ತಿದ್ದ ಕೆಲಸ ಆಟೋಕರೆಕ್ಟ್ ಅನ್ನು ಆರಿಸುವುದು. ಹಳೆಯ ವರ್ಡಿನಲ್ಲಿ ಟೂಲ್ಸ್ ಮೆನು ತೆರೆದರೆ ಅದು ಕಣ್ಣೆದುರಿಗೇ ಇತ್ತು. ಹೊಸದರಲ್ಲಿ ದುಂಡು ಗುಂಡಿ ಒತ್ತಿ, ಅದರ ತಳದಲ್ಲಿದ್ದ ವರ್ಡ್ ಆಪ್ಷನ್ಸ್ ಹುಡುಕಿ, ಅದರೊಳಗೆ ಪ್ರೂಫಿಂಗ್ ಎಂಬಲ್ಲಿಗೆ ಹೋಗಿ, ಅಲ್ಲಿ ಇನ್ನೊಂದು ಗುಂಡಿ ಒತ್ತಬೇಕು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಸೌಲಭ್ಯ ಆರಿಸುವ ಅಗತ್ಯವೇ ಕಡಿಮೆ. ಹಾಗಾಗಿ ಅದನ್ನು ಒಳಗೆ ತಳ್ಳಿದರು. ಕನ್ನಡದವರಿಗೆ ಅದು ದಿನಬೆಳಗಾದರೆ ಬೇಕಾದದ್ದು ಎಂದು ವಿನ್ಯಾಸ ಮಾಡಿದವರಿಗೆ ಹೇಳುವವರು ಯಾರೂ ಇರಲಿಲ್ಲ.

ಫೈಲಿನ ಕಷ್ಟವೂ ಇತ್ತು. ತುಮಕೂರಿನಲ್ಲಿ ಓದುತ್ತಿದ್ದ ಹುಡುಗಿ ಹೊಸ ವರ್ಡಿನಲ್ಲಿ ಪ್ರಾಜೆಕ್ಟ್ ಬರೆದು ಪೆನ್‌ಡ್ರೈವಿನಲ್ಲಿ ಊರಿಗೆ ತರುತ್ತಾಳೆ. ಊರಿನ ಅಂಗಡಿಯಲ್ಲಿ ಹಳೆಯ ವರ್ಡ್. ಫೈಲ್ ತೆರೆಯುವುದಿಲ್ಲ. ಸೇವ್ ಮಾಡುವಾಗ 97–2003ರ ಮಾದರಿ ಎಂದು ಆರಿಸಿದ್ದರೆ ತೆರೆಯುತ್ತಿತ್ತು. ಅದನ್ನು ಆಕೆಗೆ ಕಾಲೇಜಿನಲ್ಲೂ ಹೇಳಿರಲಿಲ್ಲ, ಅಂಗಡಿಯವರಿಗೂ ಗೊತ್ತಿರಲಿಲ್ಲ.

ನಮ್ಮಂಥ ಊರುಗಳಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ, ಹಳೆಯ ಆಫೀಸ್ 2003 ಬಹಳ ಕಾಲ ಉಳಿದವು. 2014ರ ಏಪ್ರಿಲ್ 8ರಂದು ಎರಡಕ್ಕೂ ಕಂಪನಿಯ ಬೆಂಬಲ ನಿಂತಿತು. ಆಮೇಲೆ ಕಂಪ್ಯೂಟರ್ ಕೆಟ್ಟಂತೆಲ್ಲ ಹೊಸದು ಬಂತು, ಹೊಸದರ ಜೊತೆ ರಿಬ್ಬನ್ ಬಂತು. ಈ ಕಥೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ ಬೇರೆ ಇದೆ. ಹಳೆಯ ಆಲ್ಟ್ ಕೀಲಿಗಳಲ್ಲಿ ಬಹುಪಾಲನ್ನು ತಯಾರಕರು ಉಳಿಸಿದ್ದರು! ಮೆನು ಕಣ್ಣಿಗೆ ಕಾಣದಿದ್ದರೂ ಆಲ್ಟ್, ಒ, ಪಿ ಎಂದು ಒತ್ತಿದರೆ ಪ್ಯಾರಾದ ಚೌಕ ಈಗಲೂ ಬರುತ್ತದೆ. ಎಕ್ಸೆಲ್ಲಿನಲ್ಲಿ ಆಲ್ಟ್, ಇ, ಎಸ್ ಎಂದರೆ ಪೇಸ್ಟ್ ಸ್ಪೆಷಲ್ ಈಗಲೂ ಬರುತ್ತದೆ. ರಿಬ್ಬನ್ ಜಾಗ ತಿನ್ನುತ್ತಿದ್ದರೆ ಕಂಟ್ರೋಲ್ ಜೊತೆ ಎಫ್-ಒನ್ ಒತ್ತಿ ಅದನ್ನು ಮಡಿಚಿಡಬಹುದು. ಬೇಕಾದ ನಾಲ್ಕು ಗುಂಡಿಗಳನ್ನು ಪರದೆಯ ಮೇಲ್ತುದಿಯ ಸಣ್ಣ ಪಟ್ಟಿಯಲ್ಲಿ ಖಾಯಂ ಕೂರಿಸಿಕೊಳ್ಳಬಹುದು. ಇದಿಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಹಂಚಿದ್ದರೆ ಸಾಕಿತ್ತು. ಎಷ್ಟೋ ಜನ ಟೈಪಿಸ್ಟರು ‘ಇನ್ನು ನಮ್ಮ ಕೈಲಾಗಲ್ಲ’ ಎಂದು ಕುರ್ಚಿ ಬಿಟ್ಟೇಳುವುದು ತಪ್ಪುತ್ತಿತ್ತು.

ಹಾಗಾದರೆ ಏನನ್ನೂ ಬದಲಿಸಲೇ ಬಾರದೇ? ಬದಲಿಸಬಹುದು, ಬದಲಿಸಲೂ ಬೇಕು. ಹೇಗೆ ಬದಲಿಸಬೇಕು ಎಂಬುದಕ್ಕೆ ನಮ್ಮ ಕನ್ನಡದಲ್ಲೇ ಒಂದು ಉದಾಹರಣೆ ಇದೆ. ಅದನ್ನು ಹೇಳಲು ನನಗೆ ಹೆಮ್ಮೆ.

ಮಂಗಳೂರು ಸೀಮೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಒಂದು ಕೀಲಿಮಣೆಯ ವಿನ್ಯಾಸ ಮಾಡಿದರು. ಉಚ್ಚಾರಣೆಗೆ ಹತ್ತಿರವಾದ ವಿನ್ಯಾಸ ಅದು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ ಎಫ್. ಟ ಬೇಕೆಂದರೆ ಕ್ಯೂ, ಡ ಬೇಕೆಂದರೆ ಡಬ್ಲ್ಯೂ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ಇಡೀ ಕನ್ನಡ ಅಡಕ. ಕನ್ನಡ ಗಣಕ ಪರಿಷತ್ತು ಅದೇ ವಿನ್ಯಾಸದ ಆಧಾರದ ಮೇಲೆ ನುಡಿ ತಂತ್ರಾಂಶವನ್ನು ರೂಪಿಸಿತು, ರಾಜ್ಯ ಸರ್ಕಾರ ಅದನ್ನು ಪ್ರಮಾಣಿತ ಕೀಲಿಮಣೆ ಎಂದು ಒಪ್ಪಿಕೊಂಡಿತು. ಮುಂದೆ ನುಡಿಯ ಹೊಸ ಹೊಸ ಆವೃತ್ತಿಗಳು ಬಂದವು. ಹಳೆಯ ಲಿಪಿ ಸಂಕೇತ ಹೋಗಿ ಯೂನಿಕೋಡ್ ಬಂತು. ಅದು ಸಣ್ಣ ಬದಲಾವಣೆಯಲ್ಲ, ಅಕ್ಷರಗಳ ಒಳಗಿನ ಲೆಕ್ಕವೇ ಬೇರೆಯಾಯಿತು. ಆದರೆ ಬೆರಳಿಗೆ ಏನೂ ಆಗಲಿಲ್ಲ! 2002ರಲ್ಲಿ ಕ್ಕ ಹೊಡೆಯಲು ಏನು ಒತ್ತುತ್ತಿದ್ದರೋ ಇವತ್ತೂ ಅದನ್ನೇ ಒತ್ತುತ್ತಾರೆ. ಲಿನಕ್ಸಿನಲ್ಲೂ ಆ ವಿನ್ಯಾಸ ಇದೆ, ಮೊಬೈಲಿನ ಕನ್ನಡ ಕೀಲಿಮಣೆಗಳಲ್ಲೂ ಸಿಗುತ್ತದೆ. ಒಳಗಿನ ಯಂತ್ರವನ್ನು ಪೂರ್ತಿ ಬದಲಿಸಿಯೂ ದುಡಿಯುವವರ ಕೈಯನ್ನು ಉಳಿಸಿದ ಕೆಲಸ ಅದು. ಕನ್ನಡದ ದೊಡ್ಡ ಉಪಕಾರಗಳಲ್ಲಿ ಅದನ್ನೂ ಒಂದಾಗಿ ಎಣಿಸಬೇಕು ಎಂದು ನಾನು ನಂಬಿದ್ದೇನೆ.

ಯೂನಿಕೋಡಿಗೆ ಹೋಗುವಾಗ ತೊಡಕೇ ಆಗಲಿಲ್ಲ ಎನ್ನುತ್ತಿಲ್ಲ. ಹಳೆಯ ನುಡಿಯಲ್ಲಿ ಟೈಪು ಮಾಡಿಟ್ಟ ವಿಳಾಸವನ್ನು ಎತ್ತಿ ಸರ್ಕಾರದ ಹೊಸ ಅರ್ಜಿಯ ಚೌಕದಲ್ಲಿ ಹಾಕಿದರೆ ಕನ್ನಡ ಮಾಯವಾಗುತ್ತದೆ. ‘ಕ’ ಇದ್ದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ‘ಎ’ ಬಂದು ಕೂರುತ್ತದೆ. ಅದನ್ನು ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು ಎಂದು ಗೊತ್ತಿದ್ದವರು ಪಾರಾದರು, ಗೊತ್ತಿಲ್ಲದವರು ಮೊದಲಿನಿಂದ ಟೈಪು ಮಾಡಿದರು. ಆದರೂ ಮೊದಲಿನಿಂದ ಟೈಪು ಮಾಡಲು ಕೈ ಇತ್ತಲ್ಲ, ಅದು ಮುಖ್ಯ.

ಈಗ ಸರ್ಕಾರಿ ತಂತ್ರಾಂಶಗಳ ವಿಷಯಕ್ಕೆ ಬರುತ್ತೇನೆ. ಕರ್ನಾಟಕ ಈ ದಾರಿಯಲ್ಲಿ ದೇಶಕ್ಕೇ ಮೊದಲಿಗ. ‘ಭೂಮಿ’ ಯೋಜನೆ ಶುರುವಾದಾಗ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುವಂತಾಯಿತು, ಕೈಬರಹದ ಪಹಣಿ ನಿಂತಿತು. ಆ ಭೂಮಿ ಕೇಂದ್ರಗಳಲ್ಲಿ ಒಂದು ಒಳ್ಳೆಯ ಏರ್ಪಾಡು ಇತ್ತು. ಆಪರೇಟರಿಗೆ ಒಂದು ಪರದೆ, ಅದನ್ನೇ ತೋರಿಸುವ ಇನ್ನೊಂದು ಪರದೆ ಕಿಟಕಿಯ ಆಚೆ ನಿಂತ ರೈತನ ಕಡೆಗೆ. ಒಳಗೆ ಏನು ನಡೆಯುತ್ತಿದೆ ಎಂದು ರೈತ ಕಣ್ಣಾರೆ ನೋಡಬಹುದಿತ್ತು. ಸರ್ವೆ ನಂಬರು ತಪ್ಪು ಹೊಡೆದರೆ ‘ಇಲ್ಲ ಸ್ವಾಮಿ, ನಮ್ದು ಆ ನಂಬರಲ್ಲ’ ಎಂದು ಅಲ್ಲಿಯೇ ಹೇಳಬಹುದಿತ್ತು. ಪರದೆಯನ್ನು ಯಾರಿಗಾಗಿ ಕಟ್ಟುತ್ತಿದ್ದೇವೆ ಎಂದು ಯೋಚಿಸಿದವರು ಮಾಡಿದ ಕೆಲಸ ಅದು.

ಅಲ್ಲಿಂದ ಮುಂದೆ ತಂತ್ರಾಂಶಗಳು ಹೆಚ್ಚಾದವು. ನೋಂದಣಿ ಇಲಾಖೆಯ ‘ಕಾವೇರಿ’ 2023ರಲ್ಲಿ ‘ಕಾವೇರಿ 2.0’ ಆಯಿತು. ಹಳೆಯ ಕ್ರಮದಲ್ಲಿ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಅಲ್ಲಿ ವಿವರಗಳನ್ನು ತುಂಬಿಸಬೇಕಿತ್ತು. ಹೊಸದರಲ್ಲಿ ವಿವರಗಳನ್ನು ನಾವೇ ಆನ್‌ಲೈನಿನಲ್ಲಿ ತುಂಬಬೇಕು, ಪತ್ರದ ಕರಡನ್ನು ಹಾಕಬೇಕು. ಅಧಿಕಾರಿ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತು ಮಾಡಿಕೊಂಡು, ಫೋಟೋಗೆ ಹೆಬ್ಬೆಟ್ಟಿಗೆ ಮಾತ್ರ ಕಚೇರಿಗೆ ಹೋಗಬೇಕು. ಆಲೋಚನೆ ಒಳ್ಳೆಯದು, ದಿನಗಟ್ಟಲೆ ಕಚೇರಿ ಬಾಗಿಲು ಕಾಯುವುದು ಇದರಿಂದ ತಪ್ಪಿದೆ. ಆದರೆ ಚೇಳೂರಿನ ರೈತ ‘ನಾವೇ’ ತುಂಬುವುದಿಲ್ಲ. ಅವರ ಪರವಾಗಿ ತುಂಬುವವರು ಅದೇ ಟೈಪಿಂಗ್ ಅಂಗಡಿಯವರು, ಪತ್ರ ಬರಹಗಾರರು. ಒಂದು ಚೌಕ ತಪ್ಪಿದರೆ ಅರ್ಜಿ ವಾಪಸು. ಎಲ್ಲಿ ತಪ್ಪಾಯಿತು ಎಂದು ಪರದೆ ಬಿಡಿಸಿ ಹೇಳಬೇಕು, ಅದೂ ಕನ್ನಡದಲ್ಲಿ ಹೇಳಬೇಕು. ತುಂಬುವವರ ಹಣೆಬರಹ ಆ ಒಂದು ಸಾಲಿನಲ್ಲಿದೆ.

ಗ್ರಾಮ ಆಡಳಿತ ಅಧಿಕಾರಿಗಳ ವಿಷಯ ನಿಮಗೆ ಗೊತ್ತಿರಬಹುದು. ಮೊದಲು ನಾವು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದೆವು. ಅವರು 2024ರ ಸೆಪ್ಟೆಂಬರ್ 26ರಂದು ರಾಜ್ಯದಾದ್ಯಂತ ಮುಷ್ಕರ ಹೂಡಿದರು, 2025ರ ಫೆಬ್ರವರಿ 10ರಿಂದ ಎರಡನೆಯ ಸಲ ಕೂತರು. ಅವರ ಮುಖ್ಯ ದೂರುಗಳಲ್ಲಿ ಒಂದು ಹತ್ತಾರು ಆ್ಯಪ್‌ಗಳದ್ದು. ಬೆಳೆ ಸಮೀಕ್ಷೆಗೊಂದು, ಸರ್ಕಾರಿ ಜಮೀನಿನ ಗಸ್ತಿಗೊಂದು, ಪಹಣಿಗೆ ಆಧಾರ್ ಜೋಡಿಸುವುದಕ್ಕೊಂದು, ಬಗರ್‌ಹುಕುಂಗೊಂದು. ಕೂತು ಕೆಲಸ ಮಾಡಲು ಕಚೇರಿ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ಎಲ್ಲವನ್ನೂ ಮೊಬೈಲಿನಲ್ಲೇ ಮಾಡಿ ಎಂದರೆ ಹೇಗೆ ಎಂದು ಅವರು ಕೇಳಿದರು. ಪ್ರತಿಯೊಂದು ಆ್ಯಪ್‌ನ ಪರದೆಯೂ ಬೇರೆ, ಗುಂಡಿ ಇರುವ ಜಾಗವೂ ಬೇರೆ, ಒಳಗೆ ಹೋಗುವ ದಾರಿಯೂ ಬೇರೆ. ಒಂದರಲ್ಲಿ ಪಳಗಿದ ಕೈ ಇನ್ನೊಂದಕ್ಕೆ ಒದಗುವುದಿಲ್ಲ. ಒಂದೇ ಇಲಾಖೆ ಕಟ್ಟಿಸುವ ತಂತ್ರಾಂಶಗಳಾದರೂ ಒಂದೇ ಮನೆಯವರಂತೆ ಕಾಣಬೇಕಲ್ಲವೇ?

ಹಳ್ಳಿಯ ಕಡೆ ಎಲ್ಲ ಕಷ್ಟಕ್ಕೂ ಒಂದೇ ಹೆಸರು, ‘ಸರ್ವರ್ ಇಲ್ಲ’. ನಿಜವಾಗಿ ಸರ್ವರ್ ಕೈಕೊಡುವುದು ಉಂಟು. 2025ರ ಶುರುವಿನಲ್ಲಿ ಕಾವೇರಿ 2.0 ಮೇಲೆ ಹೊರಗಿನಿಂದ ಸೈಬರ್ ದಾಳಿಯಾಗಿ ನೋಂದಣಿ ಕೆಲಸ ರಾಜ್ಯದಲ್ಲೆಲ್ಲ ಕುಂಟಿತು. ಅದು ಬೇರೆ ಮಾತು. ಆದರೆ ‘ಸರ್ವರ್ ಇಲ್ಲ’ ಎಂಬ ಮಾತಿನ ಹಿಂದೆ ಇನ್ನೊಂದು ಸಂಕಟವೂ ಅಡಗಿರುತ್ತದೆ. ಪರದೆ ಬದಲಾಗಿದೆ, ಬೇಕಾದ ಗುಂಡಿ ಸಿಗುತ್ತಿಲ್ಲ, ಸಾಲಿನಲ್ಲಿ ನಲವತ್ತು ಜನ ನಿಂತಿದ್ದಾರೆ. ‘ನನಗೆ ಗೊತ್ತಾಗ್ತಿಲ್ಲ’ ಎಂದು ಹೇಳಲು ಆಪರೇಟರಿಗೆ ಸಂಕೋಚ. ಒಂದು ಕಚೇರಿಯ ಕಿಟಕಿಯಲ್ಲಿ ನಾನು ಕೇಳಿಸಿಕೊಂಡ ಮಾತು ಹೀಗಿತ್ತು.

‘ಏನವ್ವಾ, ಮೊನ್ನೆ ನಮ್ಮ ತಮ್ಮನಿಗೆ ಎರಡೇ ನಿಮಿಷಕ್ಕೆ ತೆಗ್ದುಕೊಟ್ಟೆ, ನಂದ್ಯಾಕೆ ಇಷ್ಟೊತ್ತು?’

‘ಮೊನ್ನೆ ಇದ್ದಂಗೆ ಇವತ್ತಿಲ್ಲ ಯಜಮಾನ್ರೇ, ಎಲ್ಲಾ ಮಾಡ್ಬಿಟ್ಟವ್ರೆ ಬೇರೆ. ಒಂದ್ಗಳಿಗೆ ತಡ್ಕಳಿ, ಹುಡುಕ್ತಾ ಇದ್ದೀನಿ.’

‘ಯಾರವ್ವಾ ಮಾಡ್ದೋರು?’

‘ಮೇಲಿನೋರು.’

ಆ ಹೆಣ್ಣುಮಗಳ ಹಣೆಯಲ್ಲಿ ಬೆವರಿತ್ತು. ಆ ಯಜಮಾನರೂ ಸಿಟ್ಟು ಮಾಡಲಿಲ್ಲ, ಕಾದು ಕೂತರು. ಆದರೆ ಎಲ್ಲರೂ ಹಾಗೆ ಕಾಯುವುದಿಲ್ಲ. ಬೈಗುಳ ತಿನ್ನುವವರು ಕಿಟಕಿಯ ಒಳಗೆ ಕೂತವರು. ಪರದೆ ಬದಲಿಸಿದವರ ಕಿವಿಗೆ ಒಂದು ಮಾತೂ ಬೀಳುವುದಿಲ್ಲ.

ಹಳ್ಳಿಯ ಜನಕ್ಕೆ, ವಯಸ್ಸಾದ ನೌಕರರಿಗೆ ಹೊಸದು ಎಂದರೆ ಆಗುವುದಿಲ್ಲ ಎಂಬ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಎಳನೀರು ಮಾರುವವರು ಗಾಡಿಗೆ ಕ್ಯೂಆರ್ ಕೋಡ್ ಅಂಟಿಸಿಕೊಂಡಿದ್ದಾರೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಗೆ ಒಂದು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳು ಹೆಸರು ನೋಂದಾಯಿಸಿದರು. ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳಲ್ಲಿ ಕೂತವರು ಪೂರ್ತಿ ಹೊಸ ಪರದೆಯನ್ನು ಕಲಿತೇ ಆ ಕೆಲಸ ಮಾಡಿದರು. ಹೊಸದನ್ನು ಕಲಿಯಲು ನಮ್ಮವರಿಗೆ ಬೇಸರವಿಲ್ಲ. ಕಲಿತದ್ದನ್ನು ಕಾರಣ ಹೇಳದೆ ಕಿತ್ತುಕೊಂಡರೆ ಬೇಸರವಾಗುತ್ತದೆ. ಅಮೆರಿಕದವರಿಗೂ ಅದೇ ಬೇಸರವಾಯಿತು. 2012ರಲ್ಲಿ ವಿಂಡೋಸ್ 8 ಬಂದಾಗ ಎಡಮೂಲೆಯ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿದ್ದರು. ಜಗತ್ತೆಲ್ಲ ಕೂಗಿದ ಮೇಲೆ ಮರುವರ್ಷ ಗುಂಡಿಯನ್ನು, 2015ರಲ್ಲಿ ಮೆನುವನ್ನು ವಾಪಸು ತಂದರು. ಅವರು ಕೂಗಿದ್ದು ಕೇಳಿಸಿತು. ಹೋಬಳಿ ಕೇಂದ್ರದವರು ಕೂಗಿದರೆ ಎಲ್ಲಿ ಕೇಳಿಸಬೇಕು?

ತಂತ್ರಾಂಶ ಕಟ್ಟುವ ಇಲಾಖೆಗಳಲ್ಲಿ, ಸಂಸ್ಥೆಗಳಲ್ಲಿ ಇರುವ ಹಿರಿಯರು ಯಾರಾದರೂ ಈ ಮಾತು ಕೇಳುತ್ತಿದ್ದರೆ ಅವರಲ್ಲಿ ನನ್ನ ವಿನಂತಿ. ಹೊಸ ಪರದೆಯನ್ನು ಬೆಂಗಳೂರಿನ ಕೋಣೆಯಲ್ಲಿ ಪರೀಕ್ಷಿಸಿ ಸಾಕೆನ್ನಬೇಡಿ. ಒಂದು ಹೋಬಳಿಗೆ ತನ್ನಿ, ದಿನಕ್ಕೆ ನೂರು ಅರ್ಜಿ ನೋಡುವ ಆಪರೇಟರ್ ಒಬ್ಬರನ್ನು ಅದರ ಮುಂದೆ ಕೂರಿಸಿ, ನೀವು ಮಾತಾಡದೆ ಪಕ್ಕದಲ್ಲಿ ಕೂತು ನೋಡಿ. ಅವರ ಬೆರಳು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ನಿಮ್ಮ ಕೆಲಸ ಬಾಕಿ ಇದೆ ಎಂದು ತಿಳಿಯಿರಿ. ಹೊಸದು ಬಂದ ದಿನವೇ ಹಳೆಯದನ್ನು ಮುಚ್ಚಬೇಡಿ, ಎರಡೂ ಕೆಲವು ತಿಂಗಳು ಜೊತೆಗಿರಲಿ. ಮಕ್ಕಳು ಪ್ರಮಾಣಪತ್ರಕ್ಕೆ ಅಲೆಯುವ ಮೇ, ಜೂನ್, ಜುಲೈಯಲ್ಲಿ ದಯವಿಟ್ಟು ಏನನ್ನೂ ಬದಲಿಸಬೇಡಿ. ಏನು ಎಲ್ಲಿಗೆ ಹೋಗಿದೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಪ್ರತಿ ಕಂಪ್ಯೂಟರಿನ ಪಕ್ಕ ಅಂಟಿಸುವಂತೆ ಕಳಿಸಿ. ಅದಕ್ಕೆ ತಗಲುವ ಖರ್ಚು ಒಂದು ಹಾಳೆಯ ಖರ್ಚು.

ಕಚೇರಿಗಳ ಮುಖ್ಯಸ್ಥರಿಗೂ ಒಂದು ಮಾತು. ಪರದೆ ಬದಲಾದ ವಾರ ಕೆಲಸ ನಿಧಾನವಾಗುತ್ತದೆ. ಆ ವಾರದ ಲೆಕ್ಕ ಹಿಡಿದು ಆಪರೇಟರುಗಳಿಗೆ ನೋಟಿಸು ಕೊಡಬೇಡಿ. ಅವರಲ್ಲಿ ಬಹಳ ಮಂದಿ ಹೊರಗುತ್ತಿಗೆಯ ಮೇಲೆ ದುಡಿಯುವವರು, ಎದುರು ಮಾತಾಡುವ ಸ್ಥಿತಿಯಲ್ಲಿಲ್ಲ.

ಟೈಪಿಂಗ್ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೆ ಗುಂಡಿ ಸಿಗದೇ ಹೋದದ್ದು ನಿಮ್ಮ ದಡ್ಡತನವಲ್ಲ. ಯಾವ ಪರದೆಯಲ್ಲಿ ಏನು ಸಿಗಲಿಲ್ಲ, ಎಷ್ಟು ಹೊತ್ತು ಹಿಡಿಯಿತು ಎಂದು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಅದರ ಪ್ರತಿಯನ್ನು ತಹಶೀಲ್ದಾರರಿಗೆ, ನಿಮ್ಮ ಇಲಾಖೆಯ ಮೇಲಧಿಕಾರಿಗಳಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಕಿಟಕಿ ದಾಟುವುದಿಲ್ಲ, ಬರೆದು ಕೊಟ್ಟದ್ದು ಕಡತ ಸೇರುತ್ತದೆ.